‘ಒಂದೇ ನಾಣ್ಯದ ಎರಡು ಮುಖಗಳು’: ಎಲ್ಲಿ ಬಳಸಬೇಕು, ಎಲ್ಲಿ ಬಿಡಬೇಕು

ಇಂಗ್ಲಿಷಿನ ‘ಟೂ ಸೈಡ್ಸ್ ಆಫ್ ದ ಸೇಮ್ ಕಾಯಿನ್’ ಎಂಬ ನುಡಿಗಟ್ಟು ಕನ್ನಡದಲ್ಲಿ ‘ಒಂದೇ ನಾಣ್ಯದ ಎರಡು ಮುಖಗಳು’ ಎಂದಾಗಿ ನೆಲೆನಿಂತು ಬಹಳ ಕಾಲವಾಗಿದೆ. ಕಾರವಾರದ ಕಾಲೇಜಿನ ಚರ್ಚಾಸ್ಪರ್ಧೆ, ಶಿರಸಿಯ ಸನ್ಮಾನ ಸಮಾರಂಭದ ಅಭಿನಂದನಾ ನುಡಿ, ಜಿಲ್ಲಾಧಿಕಾರಿಗಳಿಗೆ ಕೊಡುವ ಮನವಿಪತ್ರ, ಪತ್ರಿಕೆಯ ವಾಚಕರ ಓಲೆ, ಹೈಸ್ಕೂಲಿನ ಪ್ರಬಂಧ, ಎಲ್ಲದರಲ್ಲಿಯೂ ಅದು ಸಲೀಸಾಗಿ ಬಂದು ಕೂರುತ್ತದೆ. ಎಲ್ಲ ಕಡೆಯೂ ಚಲಾವಣೆಯಾಗುವ ಮಾತು ಬೇಗ ಸವೆಯುತ್ತದೆ; ಎರಡು ವಿಷಯಗಳನ್ನು ಒಂದೇ ಉಸಿರಿನಲ್ಲಿ ಹೇಳಬೇಕೆನಿಸಿದಾಗಲೆಲ್ಲ ಈ ನುಡಿಗಟ್ಟನ್ನು ತಂದಿಡುವ ರೂಢಿಯಿಂದ ಅದರ ನಿಜವಾದ ಅರ್ಥವೇ ಮಸುಕಾಗಿದೆ. ಭಾಷಣ, ಪ್ರಬಂಧ, ಮನವಿ ಅಥವಾ ವರದಿ ಬರೆಯುವವರು ಇದನ್ನು ಎಲ್ಲಿ ಬಳಸಿದರೆ ಸರಿ, ಎಲ್ಲಿ ಬಳಸಿದರೆ ಮಾತು ಪೊಳ್ಳಾಗುತ್ತದೆ ಎಂಬುದನ್ನು ನಮ್ಮ ಉತ್ತರ ಕನ್ನಡ ಜಿಲ್ಲೆಯ ಉದಾಹರಣೆಗಳ ಮೂಲಕವೇ ನೋಡಬಹುದು.

ಮೊದಲು ಅರ್ಥ. ಮೇಲ್ನೋಟಕ್ಕೆ ಬೇರೆ ಬೇರೆಯಾಗಿ, ಕೆಲವೊಮ್ಮೆ ಪರಸ್ಪರ ವಿರುದ್ಧವಾಗಿಯೂ ಕಾಣುವ ಎರಡು ಸಂಗತಿಗಳು ವಾಸ್ತವದಲ್ಲಿ ಒಂದೇ ವಸ್ತುವಿನ, ಒಂದೇ ಘಟನೆಯ ಅಥವಾ ಒಂದೇ ಕಾರಣದ ಎರಡು ತೋರಿಕೆಗಳಾಗಿದ್ದು, ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಲು ಬಾರದಂತಿದ್ದರೆ, ಅವು ಒಂದೇ ನಾಣ್ಯದ ಎರಡು ಮುಖಗಳು. ಇಲ್ಲಿ ಭಾರವೆಲ್ಲ ‘ಒಂದೇ’ ಎಂಬ ಪದದ ಮೇಲಿದೆ. ಬರೆಯುವವರ ಗಮನ ಸಾಮಾನ್ಯವಾಗಿ ‘ಎರಡು’ ಎಂಬುದರ ಮೇಲೆ ಹೋಗುವುದರಿಂದಲೇ ಹೆಚ್ಚಿನ ತಪ್ಪುಗಳು ಹುಟ್ಟುತ್ತವೆ.

ನಾಣ್ಯ ಹೇಗೆ ತಯಾರಾಗುತ್ತದೆ ಎಂಬುದನ್ನು ನೆನೆದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಟಂಕಸಾಲೆಯಲ್ಲಿ ಲೋಹದ ಬಿಲ್ಲೆಯನ್ನು ಮೇಲೊಂದು ಕೆಳಗೊಂದು ಅಚ್ಚಿನ ನಡುವೆ ಇಟ್ಟು ಒತ್ತುತ್ತಾರೆ. ಒಂದೇ ಏಟಿಗೆ ಎರಡೂ ಬದಿಗಳಲ್ಲಿ ಚಿತ್ರವೂ ಅಕ್ಷರವೂ ಮೂಡುತ್ತವೆ. ಇಂದಿನ ರೂಪಾಯಿಯ ಒಂದು ಕಡೆ ಅಶೋಕಸ್ತಂಭದ ಸಿಂಹಗಳಿವೆ, ಇನ್ನೊಂದು ಕಡೆ ಬೆಲೆಯ ಅಂಕಿಯಿದೆ. ಒಂದು ಕಾಲಕ್ಕೆ ಹೊನ್ನಾವರ, ಭಟ್ಕಳಗಳ ಕಡೆಗೂ ಆಳ್ವಿಕೆ ಚಾಚಿದ್ದ ಕೆಳದಿ ಅರಸರ ಇಕ್ಕೇರಿ ವರಹದಲ್ಲಿ ಒಂದು ಕಡೆ ಶಿವಪಾರ್ವತಿಯರ ಆಕೃತಿಯಿದ್ದರೆ ಹಿಂಬದಿಯಲ್ಲಿ ನಾಗರಿ ಲಿಪಿಯಲ್ಲಿ ‘ಶ್ರೀ ಸದಾಶಿವ’ ಎಂದಿರುತ್ತಿತ್ತು. ಚಿತ್ರವೇ ಬೇರೆ, ಅಕ್ಷರವೇ ಬೇರೆ. ಆದರೆ ಚಿನ್ನ ಒಂದೇ, ಏಟೂ ಒಂದೇ. ಒಂದು ಮುಖವನ್ನು ಉಜ್ಜಿ ತೆಗೆದರೆ ಉಳಿಯುವುದು ಅರ್ಧ ನಾಣ್ಯವಾಗಿರದೆ ಕೆಟ್ಟ ನಾಣ್ಯವಾಗಿರುತ್ತದೆ. ಆದ್ದರಿಂದ ವಾಕ್ಯ ಬರೆಯುವ ಮುನ್ನ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಈ ಎರಡಕ್ಕೂ ಸಮಾನವಾದ ಲೋಹ ಯಾವುದು ಎಂದು ಹೆಸರಿಸಬಲ್ಲೆವೇ? ಒಂದನ್ನು ತೆಗೆದರೆ ಇನ್ನೊಂದು ತಾನಾಗಿಯೇ ಇಲ್ಲವಾಗುತ್ತದೆಯೇ?

ಶಿರಸಿಯ ಅಡಿಕೆ ವ್ಯಾಪಾರದ ಅಂಗಳದಲ್ಲಿ ಇದರ ಅತ್ಯಂತ ಸರಳ ಉದಾಹರಣೆ ಸಿಗುತ್ತದೆ. ಬೆಳೆಗಾರನ ಚಾಲಿ ಅಡಿಕೆ ಟೆಂಡರಿನಲ್ಲಿ ಹೋದ ಕ್ಷಣದಲ್ಲಿ ಅವನ ಪಾಲಿಗೆ ಅದು ಮಾರಾಟ, ವ್ಯಾಪಾರಿಯ ಪಾಲಿಗೆ ಖರೀದಿ. ಮಾರಾಟವಾಗದೆ ಖರೀದಿಯಾಗದು, ಖರೀದಿಯಾಗದೆ ಮಾರಾಟವೂ ಇಲ್ಲ. ನಡೆದ ವ್ಯವಹಾರ ಒಂದೇ. ಇಲ್ಲಿ ನುಡಿಗಟ್ಟು ಕೂದಲೆಳೆಯಷ್ಟೂ ಆಚೀಚೆ ಆಗದೆ ಹೊಂದುತ್ತದೆ. ಅದೇ ಅಂಗಳದಲ್ಲಿ ನಿಂತು ‘ಚಾಲಿಯೂ ಕೆಂಪಡಿಕೆಯೂ ಒಂದೇ ನಾಣ್ಯದ ಎರಡು ಮುಖಗಳು’ ಎಂದು ಬರೆದರೆ ಮಾತು ತಪ್ಪುತ್ತದೆ. ಎರಡೂ ಒಂದೇ ಮರದ ಗೊನೆಯಿಂದ ಬರುತ್ತವೆ ಎಂಬುದು ನಿಜ. ಆದರೆ ಹಣ್ಣಾಗುವವರೆಗೆ ಬಿಟ್ಟು ಒಣಗಿಸಿ ಸುಲಿದರೆ ಚಾಲಿ. ಹಸಿಯಾಗಿರುವಾಗಲೇ ಕೊಯ್ದು ಸುಲಿದು ಬೇಯಿಸಿ ಒಣಗಿಸಿದರೆ ಕೆಂಪಡಿಕೆ. ಒಂದು ಅಡಿಕೆ ಎರಡೂ ಆಗಲಾರದು, ಬೆಳೆಗಾರ ಒಂದನ್ನು ಆಯ್ದುಕೊಳ್ಳಲೇಬೇಕು. ಆಯ್ಕೆಗೆ ಎಡೆಯಿದ್ದಲ್ಲಿ ಕವಲು ಇದೆಯೇ ಹೊರತು ನಾಣ್ಯವಿಲ್ಲ.

ಕರಾವಳಿಯ ಕಡೆಗೆ ಬಂದರೆ ಕುಮಟಾ ತಾಲೂಕಿನ ಅಘನಾಶಿನಿ ಅಳಿವೆಯ ಗಜನಿ ಭೂಮಿ ಇನ್ನಷ್ಟು ಹುರುಳಿರುವ ಉದಾಹರಣೆಯನ್ನು ಕೊಡುತ್ತದೆ. ಮಳೆಗಾಲದಲ್ಲಿ ನೀರಿನ ಉಪ್ಪು ಇಳಿದಾಗ ಅಲ್ಲಿ ಉಪ್ಪನ್ನು ತಾಳಿಕೊಳ್ಳುವ ಕಗ್ಗ ಭತ್ತವನ್ನು ಬೆಳೆಯುತ್ತಾರೆ; ಕೊಯ್ಲಿನ ನಂತರ ಭರತದ (ಉಬ್ಬರದ) ನೀರನ್ನು ಒಳಗೆ ಬಿಟ್ಟುಕೊಂಡಾಗ ಅದೇ ಗದ್ದೆಯಲ್ಲಿ ಸಿಗಡಿ, ಮೀನು ಬೆಳೆಯುತ್ತವೆ. ಗದ್ದೆಯಲ್ಲಿ ಉಳಿದ ಹುಲ್ಲು ಕೊಳೆತು ಮೀನಿಗೆ ಆಹಾರವಾಗುತ್ತದೆ, ಮೀನಿನ ಕಾಲದಲ್ಲಿ ಸೇರಿದ ಸಾರ ಮುಂದಿನ ಭತ್ತಕ್ಕೆ ಗೊಬ್ಬರವಾಗುತ್ತದೆ. ಇಲ್ಲಿ ಲೋಹವನ್ನು ಹೆಸರಿಸಲು ಕಷ್ಟವಿಲ್ಲ: ಗಜನಿಯ ಮಣ್ಣು ಮತ್ತು ಅದರೊಳಗೆ ಬಂದುಹೋಗುವ ನೀರು. ‘ಗಜನಿಯಲ್ಲಿ ಬೇಸಾಯವೂ ಮೀನುಗಾರಿಕೆಯೂ ಒಂದೇ ನಾಣ್ಯದ ಎರಡು ಮುಖಗಳು’ ಎಂದು ಬರೆದವರು ಮುಂದಿನ ವಾಕ್ಯದಲ್ಲಿ ಈ ಹುಲ್ಲಿನ, ಗೊಬ್ಬರದ ಸಂಬಂಧವನ್ನು ವಿವರಿಸಿದರೆ ಮಾತಿಗೆ ಬಲ ಬರುತ್ತದೆ. ನುಡಿಗಟ್ಟು ತಾನೇ ವಿವರಣೆಯೆಂದು ಭಾವಿಸಿ ಅಲ್ಲಿಗೇ ನಿಲ್ಲಿಸಿಬಿಡುವುದು ಹೆಚ್ಚಿನ ಬರಹಗಳ ದೋಷ.

ಮಳೆಗಾಲದ ಮೀನುಗಾರಿಕೆ ನಿಷೇಧವನ್ನು ಕುರಿತ ಬರಹಗಳಲ್ಲಿಯೂ ಈ ಮಾತು ಆಗಾಗ ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ‘ನಿಷೇಧವೂ ಆಗಸ್ಟಿನ ಒಳ್ಳೆಯ ಬೇಟೆಯೂ ಒಂದೇ ನಾಣ್ಯದ ಎರಡು ಮುಖಗಳು’ ಎಂದರೆ ಅದು ಸಡಿಲ ಮಾತು, ಏಕೆಂದರೆ ಮೊದಲನೆಯದು ಕಾರಣ, ಎರಡನೆಯದು ಪರಿಣಾಮ, ಅದೂ ಪ್ರತಿವರ್ಷ ಖಚಿತವಾಗಿ ಒದಗುವ ಪರಿಣಾಮವೇನಲ್ಲ. ಕಾರಣ ಮತ್ತು ಪರಿಣಾಮಗಳ ನಡುವೆ ಕಾಲ ಇರುತ್ತದೆ. ನಾಣ್ಯದ ಮುಖಗಳ ನಡುವೆ ಕಾಲ ಇರುವುದಿಲ್ಲ. ಅದರ ಬದಲು ‘ಬಲೆ ದಡದಲ್ಲಿ ಉಳಿಯುವುದೂ ಮೊಟ್ಟೆಯಿಡುವ ಮೀನು ಕಡಲಿನಲ್ಲಿ ಉಳಿಯುವುದೂ ಒಂದೇ ನಾಣ್ಯದ ಎರಡು ಮುಖಗಳು’ ಎಂದು ಬರೆದರೆ ಒಂದೇ ಸಂಗತಿಯನ್ನು ಒಮ್ಮೆ ದಡದಿಂದ, ಒಮ್ಮೆ ನೀರಿನ ಒಳಗಿನಿಂದ ನೋಡಿದಂತಾಗುತ್ತದೆ.

ಇದೇ ಕಾರಣಕ್ಕೆ, ಗಜನಿಯ ಭತ್ತ ಮೀನುಗಳಂತೆ ಒಂದಕ್ಕೊಂದು ಆಧಾರವಾಗದೆ ಬರೀ ಒಂದರ ನಂತರ ಒಂದು ಬರುವ ಸಂಗತಿಗಳಿಗೆ ಈ ನುಡಿಗಟ್ಟು ಒಗ್ಗುವುದಿಲ್ಲ. ಅಡಿಕೆಯ ದರ ಏರುವುದು ಮತ್ತು ಕುಸಿಯುವುದು, ಸುಖ ಮತ್ತು ದುಃಖ, ಗೆಲುವು ಮತ್ತು ಸೋಲು ಸರದಿಯಲ್ಲಿ ಬರುವಂಥವು. ಗೆಲುವು ಸೋಲುಗಳ ವಿಷಯದಲ್ಲಿ ಒಂದು ವಿನಾಯಿತಿಯಿದೆ: ಒಂದೇ ಪಂದ್ಯದಲ್ಲಿ ಒಬ್ಬನ ಗೆಲುವು ಇನ್ನೊಬ್ಬನ ಸೋಲಾಗಿರುವಾಗ ಮಾತು ಸರಿಯಾಗುತ್ತದೆ, ಒಬ್ಬನೇ ವ್ಯಕ್ತಿಯ ಬಾಳಿನ ಏಳುಬೀಳನ್ನು ಹೇಳುವಾಗ ಸರಿಯಾಗದು. ಏಳುಬೀಳಿಗೆ ಕನ್ನಡದಲ್ಲಿ ‘ಏಳುಬೀಳು’ ಎಂಬ ಪದವೇ ಇರುವಾಗ ನಾಣ್ಯವನ್ನು ಹುಡುಕಿಕೊಂಡು ಹೋಗುವ ಅಗತ್ಯವೂ ಇಲ್ಲ.

ಒಂದು ಕಡೆಯ ಅವಲಂಬನೆಯೂ ನಾಣ್ಯವಾಗದು. ಅಡಿಕೆ ತೋಟ ಮತ್ತು ಸೊಪ್ಪಿನ ಬೆಟ್ಟಗಳ (ತೋಟಕ್ಕೆ ಸೊಪ್ಪು ಒದಗಿಸುವ ಕಾಡುಭೂಮಿಯ) ಸಂಬಂಧವನ್ನು ಹೇಳುವಾಗ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಬರಹಗಾರರು ಇದನ್ನು ಧಾರಾಳವಾಗಿ ಬಳಸುತ್ತಾರೆ. ತೋಟಕ್ಕೆ ಬೆಟ್ಟದ ಸೊಪ್ಪು ಬೇಕು, ತರಗೆಲೆ ಬೇಕು, ಬೆಟ್ಟವಿಲ್ಲದ ತೋಟ ಬಡವಾಗುತ್ತದೆ. ಆದರೆ ತೋಟವಿಲ್ಲದಿದ್ದರೆ ಬೆಟ್ಟಕ್ಕೇನೂ ಆಗುವುದಿಲ್ಲ. ಪ್ರಾಯಶಃ ಅದು ಇನ್ನಷ್ಟು ದಟ್ಟವಾಗಿ ಬೆಳೆದೀತು. ಆದ್ದರಿಂದ ‘ಬೆಟ್ಟವೇ ತೋಟದ ಆಧಾರ’ ಎಂದು ನೇರವಾಗಿ ಹೇಳುವುದು ಹೆಚ್ಚು ನಿಜ, ಹೆಚ್ಚು ಗಟ್ಟಿ. ‘ಶಿರಸಿಯ ಕಾಡು ಮತ್ತು ಕರಾವಳಿಯ ಕಡಲು ಒಂದೇ ನಾಣ್ಯದ ಎರಡು ಮುಖಗಳು’ ಎಂಬ ವಾಕ್ಯವನ್ನೂ ಹೀಗೆಯೇ ಬಿಡಿಸಿ ನೋಡಬೇಕು. ಎರಡೂ ಒಂದೇ ಜಿಲ್ಲೆಯಲ್ಲಿವೆ ಎಂಬುದು ಲೋಹವಾಗಲಾರದು. ಬರೆದವರ ಮನಸ್ಸಿನಲ್ಲಿದ್ದುದು ‘ಶಿರಸಿಯ ಬಳಿ ಹುಟ್ಟುವ ಅಘನಾಶಿನಿ ಘಟ್ಟದ ಕಾಡಿನ ನೀರನ್ನು ತದಡಿಯ ಅಳಿವೆಗೆ ಒಯ್ಯುತ್ತದೆ’ ಎಂಬುದಾದರೆ, ಆ ಮಾತನ್ನೇ ಬರೆದಿದ್ದರೆ ಓದುಗರಿಗೆ ಒಂದು ನದಿಯಾದರೂ ಕಾಣುತ್ತಿತ್ತು.

ಎಣಿಕೆಯ ವಿಷಯದಲ್ಲಿಯೂ ಎಚ್ಚರ ಬೇಕು. 1983ರಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯಲ್ಲಿ ಮೊದಲಾದ, ಮರಗಳನ್ನು ಅಪ್ಪಿಕೊಂಡು ಕಡಿತವನ್ನು ತಡೆದ ಅಪ್ಪಿಕೋ ಚಳವಳಿಯ ಘೋಷಣೆ ‘ಉಳಿಸು, ಬೆಳೆಸು, ಬಳಸು’ ಎಂದು. ಇದನ್ನು ವಿವರಿಸುತ್ತ ‘ಇವು ಒಂದೇ ನಾಣ್ಯದ ಮೂರು ಮುಖಗಳು’ ಎಂದು ಬರೆದರೆ ಓದುಗ ಮರವನ್ನು ಬಿಟ್ಟು ಆ ವಿಚಿತ್ರ ನಾಣ್ಯವನ್ನೇ ಕಲ್ಪಿಸಿಕೊಳ್ಳುತ್ತ ಕೂರುತ್ತಾನೆ. ಮೂರು ಇದ್ದಲ್ಲಿ ಮೂರು ಎಂದೇ ಹೇಳಿ ಮುಂದೆ ಹೋಗಬೇಕು.

ಚರ್ಚಾಸ್ಪರ್ಧೆಗಳ ಅಚ್ಚುಮೆಚ್ಚಿನ ವಾಕ್ಯವೊಂದಿದೆ: ‘ಹಕ್ಕು ಮತ್ತು ಕರ್ತವ್ಯಗಳು ಒಂದೇ ನಾಣ್ಯದ ಎರಡು ಮುಖಗಳು.’ ಇದು ಸರಿಯೂ ಹೌದು, ತಪ್ಪೂ ಹೌದು; ಯಾರ ಹಕ್ಕು, ಯಾರ ಕರ್ತವ್ಯ ಎಂಬುದರ ಮೇಲೆ ಅದು ನಿಂತಿದೆ. ಒಬ್ಬನೇ ನಾಗರಿಕನ ಹಕ್ಕನ್ನೂ ಅವನದೇ ಕರ್ತವ್ಯವನ್ನೂ ಸೇರಿಸಿ ಹೇಳುವುದಾದರೆ, ಸಂವಿಧಾನದ ಚರಿತ್ರೆಯೇ ಅದನ್ನು ಒಪ್ಪುವುದಿಲ್ಲ. ಮೂಲಭೂತ ಹಕ್ಕುಗಳು 1950ರಿಂದ ಇವೆ, ಮೂಲಭೂತ ಕರ್ತವ್ಯಗಳ ಪಟ್ಟಿ ಸೇರಿದ್ದು 1976ರ 42ನೇ ತಿದ್ದುಪಡಿಯಲ್ಲಿ. ನಡುವಿನ ಅಷ್ಟು ವರ್ಷ ಒಂದು ಮುಖವಷ್ಟೇ ಇದ್ದ ನಾಣ್ಯ ಚಲಾವಣೆಯಲ್ಲಿತ್ತು ಎನ್ನಬೇಕಾಗುತ್ತದೆ. ಒಬ್ಬರ ಹಕ್ಕನ್ನೂ ಇನ್ನೊಬ್ಬರ ಕರ್ತವ್ಯವನ್ನೂ ಜೊತೆಗಿಟ್ಟರೆ ಮಾತು ತಟ್ಟನೆ ಸರಿಹೋಗುತ್ತದೆ. 2002ರ 86ನೇ ತಿದ್ದುಪಡಿಯು 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿತು. ಜೋಯಿಡಾದ ಕಾಡಿನ ನಡುವಣ ಹಳ್ಳಿಯ ಮಗುವಿಗೆ ಶಾಲೆಗೆ ಹೋಗುವ ಹಕ್ಕಿದೆ ಎನ್ನುವುದೂ, ಆ ಮಗುವಿಗೆ ಶಾಲೆಯನ್ನು ಒದಗಿಸುವ ಹೊಣೆ ಸರ್ಕಾರದ್ದು ಎನ್ನುವುದೂ ಒಂದೇ ನಾಣ್ಯದ ಎರಡು ಮುಖಗಳು. ಭಾಷಣ ಮಾಡುವ ವಿದ್ಯಾರ್ಥಿ ಇಷ್ಟನ್ನು ಸೇರಿಸಿ ಹೇಳಿದರೆ ತೀರ್ಪುಗಾರರು ಬಗ್ಗಿ ಏನಾದರೂ ಬರೆದುಕೊಳ್ಳುವ ಸಾಧ್ಯತೆಯಿದೆ.

ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತಲೂ ಹೆಚ್ಚು ಸವೆದ ವಾಕ್ಯ ‘ಅಭಿವೃದ್ಧಿ ಮತ್ತು ಪರಿಸರ ಒಂದೇ ನಾಣ್ಯದ ಎರಡು ಮುಖಗಳು’ ಎಂಬುದು. ಕೈಗಾದ ಅಣುವಿದ್ಯುತ್ ಸ್ಥಾವರ, ಕಾರವಾರದ ನೌಕಾನೆಲೆ, ಕಾಳಿ ಮತ್ತು ಶರಾವತಿಯ ಅಣೆಕಟ್ಟುಗಳು, ಹೆದ್ದಾರಿಯ ಅಗಲೀಕರಣ, ಬಂದರಿನ ವಿಸ್ತರಣೆ, ಯಾವುದರ ಚರ್ಚೆಯಾದರೂ ವೇದಿಕೆಯ ಮೇಲಿನ ಒಬ್ಬರಾದರೂ ಇದನ್ನು ಹೇಳಿಯೇ ಹೇಳುತ್ತಾರೆ. ಆಶ್ಚರ್ಯವೆಂದರೆ ಯೋಜನೆಯನ್ನು ಬೆಂಬಲಿಸುವವರೂ ವಿರೋಧಿಸುವವರೂ ಇದೇ ವಾಕ್ಯವನ್ನು ಬಳಸಬಲ್ಲರು. ಬೆಂಬಲಿಸುವವರ ಬಾಯಲ್ಲಿ ಅದು ‘ಎರಡೂ ಒಟ್ಟಿಗೆ ಸಾಗುತ್ತವೆ, ಚಿಂತೆ ಬೇಡ’ ಎಂಬ ಸಮಾಧಾನ. ವಿರೋಧಿಸುವವರ ಬಾಯಲ್ಲಿ ‘ಒಂದನ್ನು ಕೆಡಿಸಿದರೆ ಇನ್ನೊಂದೂ ಕೆಡುತ್ತದೆ’ ಎಂಬ ಎಚ್ಚರಿಕೆ. ತಟಸ್ಥರ ಬಾಯಲ್ಲಿ ಯಾವ ಪಕ್ಷವನ್ನೂ ವಹಿಸದೆ ಕುಳಿತುಕೊಳ್ಳಲು ಸಿಕ್ಕ ಮಣೆ. ಮೂವರೂ ಹೇಳಬಹುದಾದ ವಾಕ್ಯ ಯಾರ ವಾದವನ್ನೂ ಹೇಳುವುದಿಲ್ಲ. ಇಂಥ ಕಡೆ ನುಡಿಗಟ್ಟನ್ನು ಬಿಟ್ಟು, ಯಾವ ಊರಿನ ಎಷ್ಟು ಕಾಡು, ಯಾವ ಕೆಲಸ, ಅದರಿಂದ ಯಾರಿಗೆ ಏನು ಬಂತು, ಯಾರಿಂದ ಏನು ಹೋಯಿತು ಎಂದು ಬರೆಯುವುದೇ ಬರಹಗಾರನ ಕೆಲಸ. ಮನವಿಪತ್ರದಲ್ಲಂತೂ ಇದನ್ನು ಬಳಸಲೇಬಾರದು ಎಂಬುದು ನನ್ನ ಅಭಿಪ್ರಾಯ. ಅಧಿಕಾರಿಗೆ ಬೇಕಾದದ್ದು ಸರ್ವೆ ನಂಬರು ಮತ್ತು ಬೇಡಿಕೆ. ನಾಣ್ಯ ಕಂಡ ಕೂಡಲೇ ಅವರು ಆ ಪರಿಚ್ಛೇದವನ್ನು ದಾಟಿಹೋಗುತ್ತಾರೆ.

ಇದರ ಹತ್ತಿರದ ಬಂಧು ‘ದಿ ಅದರ್ ಸೈಡ್ ಆಫ್ ದ ಕಾಯಿನ್’, ಅಂದರೆ ‘ನಾಣ್ಯದ ಇನ್ನೊಂದು ಮುಖ’. ಕೆಲವರು ‘ಇನ್ನೊಂದು ಮಗ್ಗಲು’ ಎಂದೂ ಬರೆಯುತ್ತಾರೆ, ಅದೂ ಸರಿಯೇ. ಎರಡನ್ನೂ ಒಂದೇ ಎಂದು ತಿಳಿಯಬಾರದು. ಮೊದಲ ರೂಪವು ಎರಡನ್ನೂ ಒಟ್ಟಿಗೆ ಇಟ್ಟು ಅವುಗಳ ಒಂದುತನವನ್ನು ತೋರಿಸಿದರೆ, ಈ ರೂಪವು ಈಗಾಗಲೇ ಹೇಳಿದ ಒಂದಕ್ಕೆ ಎದುರಾಗಿ, ಮರೆಯಲ್ಲಿದ್ದ ಇನ್ನೊಂದನ್ನು ಮುಂದಕ್ಕೆ ತರುತ್ತದೆ. ಆದ್ದರಿಂದ ಬರಹದ ಮೊದಲ ವಾಕ್ಯದಲ್ಲಿಯೇ ಇದನ್ನು ಬಳಸಲು ಬರುವುದಿಲ್ಲ; ಮೊದಲ ಮುಖವನ್ನು ಓದುಗರಿಗೆ ತೋರಿಸಿರಬೇಕು. ಉದಾಹರಣೆಗೆ: ‘ಕಾಳಿ ನದಿಗೆ ಅಡ್ಡವಾಗಿ 101 ಮೀಟರ್ ಎತ್ತರಕ್ಕೆ ಕಟ್ಟಿದ ಸೂಪಾ ಅಣೆಕಟ್ಟು ರಾಜ್ಯದ ವಿದ್ಯುತ್ತಿಗೆ ದೊಡ್ಡ ಆಸರೆಯಾಗಿದೆ. ಅಣೆಕಟ್ಟಿಗೆ ಹೆಸರು ಕೊಟ್ಟ ಸೂಪಾ ಊರೇ ಅದರ ಹಿನ್ನೀರಿನಲ್ಲಿ ಮುಳುಗಿ, ಅಲ್ಲಿನವರು ರಾಮನಗರದ ಕಡೆಗೆ ಎದ್ದುಹೋಗಬೇಕಾದದ್ದು ನಾಣ್ಯದ ಇನ್ನೊಂದು ಮುಖ.’ ನೀರು ನಿಂತದ್ದರಿಂದಲೇ ವಿದ್ಯುತ್ತು, ನೀರು ನಿಂತದ್ದರಿಂದಲೇ ಮುಳುಗಡೆ. ಲೋಹ ಒಂದೇ ಆಗಿರುವುದರಿಂದ ವಾಕ್ಯ ನಿಲ್ಲುತ್ತದೆ. ಈ ರೂಪದಲ್ಲಿ ಎರಡನೆಯದಾಗಿ ಹೇಳಿದ ಸಂಗತಿಯೇ ಓದುಗನ ಮನಸ್ಸಿನಲ್ಲಿ ಉಳಿಯುತ್ತದೆ ಎಂಬುದನ್ನು ಬರೆಯುವವರು ಮರೆಯಬಾರದು. ಮೇಲಿನ ಎರಡು ವಾಕ್ಯಗಳನ್ನು ಅದಲುಬದಲು ಮಾಡಿದರೆ ಸಂಗತಿಗಳು ಅವೇ ಇದ್ದರೂ ಲೇಖಕರ ಒಲವು ಬದಲಾಗಿಬಿಡುತ್ತದೆ. ಇಬ್ಬರು ವ್ಯಕ್ತಿಗಳ ಭಿನ್ನಾಭಿಪ್ರಾಯವನ್ನು ಹೇಳುವಾಗ ಮಾತ್ರ ಇದು ಬೇಡ. ಜಮೀನಿನ ತಕರಾರಿನಲ್ಲಿ ಎದುರು ಪಕ್ಷದವರ ಹೇಳಿಕೆ ಎದುರು ಪಕ್ಷದವರ ಹೇಳಿಕೆಯಷ್ಟೇ. ಅದು ಸುಳ್ಳೂ ಆಗಿರಬಹುದು, ನಾಣ್ಯದ ಮುಖ ಸುಳ್ಳಾಗಿರದು.

ವ್ಯಕ್ತಿಗಳನ್ನೂ ಪಕ್ಷಗಳನ್ನೂ ಕುರಿತು ಬಳಸುವಾಗ ಧ್ವನಿ ಬದಲಾಗುತ್ತದೆ. ಚುನಾವಣೆಯ ಭಾಷಣದಲ್ಲಿ ‘ಆ ಪಕ್ಷವೂ ಈ ಪಕ್ಷವೂ ಒಂದೇ ನಾಣ್ಯದ ಎರಡು ಮುಖಗಳು’ ಎಂದರೆ ಅದು ಬೈಗುಳ: ಹೊರಗೆ ಬೇರೆಯಾಗಿ ಕಂಡರೂ ಒಳಗೆ ಎರಡೂ ಒಂದೇ ಎಂಬ ಆರೋಪ. ಈ ಛಾಯೆ ಕನ್ನಡಿಗರ ಕಿವಿಗೆ ಎಷ್ಟು ಪರಿಚಿತವಾಗಿದೆಯೆಂದರೆ, ಮದುವೆಯ ಶುಭಾಶಯದಲ್ಲಿ ವಧೂವರರನ್ನು ಒಂದೇ ನಾಣ್ಯದ ಎರಡು ಮುಖಗಳೆಂದು ಹೊಗಳಿದರೆ ಹಿರಿಯರು ಮುಖ ಮುಖ ನೋಡಿಕೊಂಡಾರು. ಅದಲ್ಲದೆ ನಾಣ್ಯದ ಮುಖಗಳು ಸದಾ ಬೆನ್ನಿಗೆ ಬೆನ್ನು ಕೊಟ್ಟಿರುತ್ತವೆ, ಒಂದನ್ನೊಂದು ಎಂದೂ ನೋಡುವುದಿಲ್ಲ. ದಾಂಪತ್ಯಕ್ಕೆ ಇದು ಒಳ್ಳೆಯ ಹಾರೈಕೆಯಲ್ಲ. ಹಾಲುಜೇನಿನಂತೆ ಬಾಳಿರಿ ಎಂಬ ಹಳೆಯ ಮಾತೇ ಅಲ್ಲಿಗೆ ಸಾಕು. ಯಕ್ಷಗಾನ ಕಲಾವಿದರ ಸನ್ಮಾನಪತ್ರಗಳಲ್ಲಿ ಹಿಮ್ಮೇಳ ಮುಮ್ಮೇಳಗಳನ್ನು ಹೀಗೆ ಹೋಲಿಸುವುದಕ್ಕೂ ನನ್ನ ತಕರಾರು ಇದೇ. ಭಾಗವತರು ಹಿಂದೆ ಕುಳಿತು ವೇಷಧಾರಿಯ ಹೆಜ್ಜೆಯನ್ನೇ ನೋಡುತ್ತ ಪದ ಎತ್ತುತ್ತಾರೆ, ವೇಷಧಾರಿ ಭಾಗವತರ ದನಿಗೆ ಕಿವಿಗೊಟ್ಟು ಕುಣಿಯುತ್ತಾನೆ. ಆ ನೋಟ, ಆ ಆಲಿಸುವಿಕೆಯೇ ಆಟದ ಜೀವವಾಗಿರುವಾಗ ಅದನ್ನು ಮರೆಮಾಚುವ ಹೋಲಿಕೆ ಏಕೆ?

ವಾಕ್ಯದ ಕಟ್ಟಣೆಯ ಬಗ್ಗೆ ಸ್ವಲ್ಪ. ಜೋಡಿಸುವ ಎರಡು ಪದಗಳು ಒಂದೇ ಜಾತಿಯವಾಗಿರಬೇಕು: ಎರಡೂ ನಾಮಪದಗಳು, ಇಲ್ಲವೇ ಎರಡೂ ಕ್ರಿಯೆಯಿಂದ ಬಂದ ರೂಪಗಳು. ‘ಉಳಿತಾಯ ಮತ್ತು ನಾವು ದುಡಿಯುವುದು ಒಂದೇ ನಾಣ್ಯದ ಎರಡು ಮುಖಗಳು’ ಎಂಬಲ್ಲಿ ಅರ್ಥಕ್ಕಿಂತ ಮೊದಲು ವ್ಯಾಕರಣವೇ ಕುಂಟುತ್ತದೆ. ‘ಮತ್ತು’ ಹಾಕುವ ಬದಲು ‘ಮಾರಾಟವೂ ಖರೀದಿಯೂ’ ಎಂದು ಎರಡಕ್ಕೂ ‘ಊ’ ಸೇರಿಸಿದರೆ ಕನ್ನಡದ ಓಟ ಬರುತ್ತದೆ, ಎರಡಕ್ಕೂ ಸಮಾನ ತೂಕವೂ ಸಿಗುತ್ತದೆ. ‘ಮುಖಗಳಿದ್ದಂತೆ’ ಎಂದರೆ ಹೋಲಿಕೆ, ‘ಮುಖಗಳು’ ಎಂದರೆ ಖಚಿತ ಹೇಳಿಕೆ. ಸಂಬಂಧ ಸಡಿಲವಾಗಿದ್ದಾಗ ‘ಇದ್ದಂತೆ’ ಹಾಕಿ ತಪ್ಪಿಸಿಕೊಳ್ಳುವುದಕ್ಕಿಂತ ನುಡಿಗಟ್ಟನ್ನೇ ಬಿಡುವುದು ಲೇಸು. ಇಂಗ್ಲಿಷಿನ ‘ಸೈಡ್’ ಅನ್ನು ‘ಬದಿ’ ಎಂದು ಮಾಡಿ ‘ನಾಣ್ಯದ ಎರಡು ಬದಿಗಳು’ ಎಂದು ಬರೆದರೆ ಅದು ನುಡಿಗಟ್ಟಾಗಿ ಕೇಳಿಸದೆ ನಾಣ್ಯದ ವರ್ಣನೆಯಾಗಿ ಕೇಳಿಸುತ್ತದೆ.

ಇಂಗ್ಲಿಷಿನಲ್ಲಿ ನಾಣ್ಯದ ನುಡಿಗಟ್ಟುಗಳು ಇನ್ನೂ ಇವೆ, ಪರೀಕ್ಷೆಗೆ ಓದುವವರು ಇವನ್ನು ಒಂದರೊಡನೊಂದು ಬೆರೆಸುತ್ತಾರೆ. ‘ಪೇ ಬ್ಯಾಕ್ ಇನ್ ದ ಸೇಮ್ ಕಾಯಿನ್’ ಎಂಬಲ್ಲಿ ‘ಸೇಮ್ ಕಾಯಿನ್’ ಇದ್ದರೂ ಅರ್ಥ ಪೂರ್ತಿ ಬೇರೆ. ಇತರರು ನಮಗೆ ಮಾಡಿದ್ದನ್ನೇ ಅವರಿಗೆ ಮಾಡುವುದು, ಅಂದರೆ ಕನ್ನಡದ ಮುಯ್ಯಿಗೆ ಮುಯ್ಯಿ. ‘ಟಾಸ್ ಎ ಕಾಯಿನ್’ ಎಂದರೆ ತೀರ್ಮಾನವನ್ನು ಅದೃಷ್ಟಕ್ಕೆ ಬಿಡುವುದು. ‘ಕಾಯಿನ್ ಎ ವರ್ಡ್’ ಎಂದರೆ ಹೊಸ ಪದವನ್ನು ಟಂಕಿಸುವುದು. ಇಲ್ಲಿ ನಾಣ್ಯ ಕ್ರಿಯಾಪದವಾಗಿದೆ, ಕನ್ನಡದ ‘ಟಂಕಿಸು’ ಕೂಡ ಅದೇ ಟಂಕಸಾಲೆಯಿಂದ ಬಂದದ್ದು.

ಇಂಗ್ಲಿಷಿನಲ್ಲಿಯೇ ಉತ್ತರ ಬರೆಯಬೇಕಾದ ವಿದ್ಯಾರ್ಥಿಗಳು ಎರಡು ಕಡೆ ಎಡವುತ್ತಾರೆ. ಎರಡು ಸಂಗತಿಗಳು ಕರ್ತೃವಾಗಿರುವುದರಿಂದ ಕ್ರಿಯಾಪದ ‘ಆರ್’ ಎಂದೇ ಆಗಬೇಕು, ‘ಈಸ್’ ಆಗಬಾರದು. ‘ಬಯಿಂಗ್ ಆ್ಯಂಡ್ ಸೆಲ್ಲಿಂಗ್ ಆರ್ ಟೂ ಸೈಡ್ಸ್ ಆಫ್ ದ ಸೇಮ್ ಕಾಯಿನ್’ ಎಂಬುದು ಸರಿಯಾದ ವಾಕ್ಯ. ‘ಸೇಮ್’ ಎಂಬುದನ್ನು ಬಿಟ್ಟು ‘ಟೂ ಸೈಡ್ಸ್ ಆಫ್ ಎ ಕಾಯಿನ್’ ಎಂದು ಬರೆಯುವುದು ಇನ್ನೊಂದು ತಪ್ಪು. ಕನ್ನಡದಲ್ಲಿ ‘ಒಂದೇ’ ಬಿಟ್ಟು ‘ನಾಣ್ಯದ ಎರಡು ಮುಖಗಳು’ ಎಂದು ಬರೆಯುವವರು ಕೂಡ ಇದನ್ನೇ ಮಾಡುತ್ತಿರುತ್ತಾರೆ. ‘ಕಾಯಿನ್ಸ್’ ಎಂದು ಬಹುವಚನ ಮಾಡಿದರಂತೂ ಅಂಕ ಹೋಗುವುದು ಖಂಡಿತ.